ಸಾಹೇಬರ ತಲೆಯ ಮೇಲೊಂದು ಛತ್ರಿ

ಇವತ್ತು ಬೆಳಿಗ್ಗೆ ಬೀದಿ ನಲ್ಲಿಯ ನೀರಿಗೆ ಬ್ಲೀಚಿಂಗ್ ಪೌಡರಿನ ವಾಸನೆ ತುಸು ಜೋರಾಗಿತ್ತು. ಓಣಿಯವರೆಲ್ಲ ಮೂಗು ಮುರಿದರು. ನನಗೆ ಮಾತ್ರ ಎದುರುಮನೆ ಖಾಲಾ ಸೆರಗು ಬಿಗಿದುಕೊಂಡು ಎಲ್ಲಿಗೋ ಹೊರಟು ನಿಂತಂತೆ...

ಜೀನ್ಸ್ ಪ್ಯಾಂಟುಗಳಿಗೆ ಗುಂಡಿ ಹಚ್ಚುವುದು ಓಣಿಗೆಲ್ಲ ಚಿಕ್ಕಮ್ಮನಾಗಿದ್ದ ಖಾಲಾರ ಹೊಟ್ಟೆಪಾಡಾಗಿತ್ತು. ಓಣಿಯನ್ನು ಆಳುವುದು ಮುಖ್ಯ ಉದ್ಯೋಗ. ಅವರನ್ನು ಯಾರೂ ಆರಿಸಿರಲಿಲ್ಲ, ಹಾಗಾಗಿ ಇಳಿಸುವಂತೆಯೂ ಇರಲಿಲ್ಲ. ಚರಂಡಿ, ಬೀದಿದೀಪ, ಬಿಡಾಡಿ ದನ ಎಲ್ಲ ಅವರದೇ ಖಾತೆ. ಚರಂಡಿಗೆ ಬ್ಲೀಚಿಂಗ್ ಪೌಡರ್ ಎರಚಿ ಎರಚಿ ಅವರ ಸೆರಗಿಗೂ ಅದೇ ವಾಸನೆ. ಆದರೆ ಅವರ ನಿದ್ದೆ ಕೆಡಿಸಿದ್ದು ನೀರು. ಆಗ ನಲ್ಲಿ ಇದ್ದದ್ದು ದೊಡ್ಡ ರಸ್ತೆಯ ಆಚೆ ಬದಿಗೆ. ಕುಡತಿನಿ ಕಡೆ ಓಡುವ ಲಾರಿಗಳ ನಡುವೆ ಹೆಣ್ಣುಮಕ್ಕಳು ತುಂಬಿದ ಕೊಡ ಹೊತ್ತು ದಾಟಬೇಕು. ಒಂದು ದಿನ ಬಸುರಿಯೊಬ್ಬಳು ಲಾರಿಯ ಅಡಿಗೆ ಸಿಗುವುದು ಸ್ವಲ್ಪದರಲ್ಲೇ ತಪ್ಪಿತು. ಅವತ್ತೇ ಖಾಲಾ ಗೂಟದಿಂದ ಕಪ್ಪು ಛತ್ರಿ ಇಳಿಸಿದರು. ಜೊತೆಗೆ ನಾನು. ನಿಯೋಗವೆಂದ ಮೇಲೆ ಇಬ್ಬರಾದರೂ ಬೇಕಲ್ಲ.

ನೀರಿನ ಕಚೇರಿಯ ಸಾಹೇಬರು ಎಲ್ಲ ಕೇಳಿ, ಕನ್ನಡದ ಅತ್ಯಂತ ಆರಾಮದ ಪದವನ್ನು ನುಡಿದರು: "ನೋಡೋಣಮ್ಮ."

ನಾನು ಕೈಮುಗಿದು ಎದ್ದೆ. ಆ ಪದಕ್ಕೆ 'ಇನ್ನು ಹೊರಡಿ' ಎಂಬ ಅರ್ಥವಿರುವುದು ಸರ್ವವಿದಿತ. ಖಾಲಾ ಮಾತ್ರ ವ್ಯಾಕರಣಕ್ಕೆ ನಿಷ್ಠರು. ಫ್ಯಾನಿನ ಕೆಳಗೇ ಛತ್ರಿ ಬಿಚ್ಚಿ ಸಾಹೇಬರ ತಲೆಯ ಮೇಲೆ ಹಿಡಿದರು.

"ನಡೀರಿ ಸಾಹೇಬ್ರ."

"ಎಲ್ಲಿಗಮ್ಮ?"

"ನೋಡೋಣ ಅಂದ್ರೆಲ್ರೀ? ನೋಡ್ತೀನಿ ಅಂದಿಲ್ಲ ನೀವು. ನೋಡೋಣ ಅಂದ್ರ ಕೂಡಿ ನೋಡಾದು. ಬಿಸಿಲಿಗೆ ಅಂಜಬ್ಯಾಡ್ರಿ, ಛತ್ರಿ ನಾ ಹಿಡೀತೀನಿ."

ಸಾಹೇಬರು ನಾಳೆ ಎಂದರು. ನಾಳೆಯೂ ಛತ್ರಿ ಬಿಚ್ಚಿತು. ನಾಡಿದ್ದೂ... ಕೊನೆಗೊಂದು ಮಧ್ಯಾಹ್ನ, ಬಳ್ಳಾರಿಯ ಬಿಸಿಲಿಗೆ ಟಾರು ರಸ್ತೆ ನೀರಿನಂತೆ ತೇಲುತ್ತಿದ್ದಾಗ, ಸಾಹೇಬರ ಸವಾರಿ ಬಂತು. ನೆರಳು ಅವರಿಗೆ, ಕೈಯೆತ್ತಿ ನಡೆಯುತ್ತಿದ್ದ ಖಾಲಾ ಪೂರಾ ಬಿಸಿಲಲ್ಲಿ. ನಲ್ಲಿಯ ಬಳಿ ತುಂಬಿದ ಕೊಡವೊಂದನ್ನು ಸಾಹೇಬರ ಹೆಗಲಿಗೇರಿಸಿ, "ದಾಟ್ರಿ ಈಗ" ಎಂದರು.

ಲಾರಿಯ ಹಿಂದೆ ಲಾರಿ. ಸಾಹೇಬರು ಒಂದು ಕಾಲು ಮುಂದಿಟ್ಟರು, ಹಿಂದಕ್ಕೆಳೆದರು. ನೀರು ತುಳುಕಿ ಅಂಗಿ, ಬೂಟು ಎಲ್ಲ ತೊಯ್ದವು. ಬಹಳ ಹೊತ್ತು ಹಾಗೇ ನಿಂತಿದ್ದರು...

ಮುಂದಿನ ಬೇಸಿಗೆಯೊಳಗೆ ನಲ್ಲಿ ಈಚೆ ಬದಿಗೆ ಬಂತು.

ಹೋದ ವರ್ಷ ಖಾಲಾ ಹಾಸಿಗೆ ಹಿಡಿದರು. "ಚರಂಡಿ ಮತ್ತ ಕಟ್ಟೈತಿ ಖಾಲಾ, ನೀವು ಏಳದಿದ್ರ ಹೆಂಗ?" ಎಂದೆ. ಕಣ್ಣು ಮುಚ್ಚಿಕೊಂಡೇ ನಕ್ಕರು.

"ನೋಡೋಣ."

ಅವರ ಜೀವಮಾನದಲ್ಲಿ ಅದೊಂದೇ ಸಲ ಆ ಪದವನ್ನು ಸಾಹೇಬರ ಅರ್ಥದಲ್ಲಿ ಹೇಳಿದ್ದು. ನನಗೆ ತಿಳಿಯಿತು. ಆದರೂ ಏಳಲಿಲ್ಲ, ಅಲ್ಲೇ ಕೂತಿದ್ದೆ...

"ಅಣ್ಣಾರ, ಕೊಡ ತುಂಬಿ ಹರಿಯಾಕ ಹತ್ತೈತಿ! ಯಾ ಕಡೆ ನೋಡಾಕ ಹತ್ತೀರಿ?" ನಲ್ಲಿಯ ಸಾಲಿನಲ್ಲಿ ನನ್ನ ಹಿಂದೆ ನಿಂತ ಹೆಂಗಸು ರೇಗಿದಳು.

ಖಾಲಾ ಇಲ್ಲದ ಎದುರುಮನೆಯ ಗೂಟಕ್ಕೆ ಛತ್ರಿ ಇನ್ನೂ ತೂಗಿಬಿದ್ದಿತ್ತು. ಅದನ್ನೇ ನೋಡುತ್ತಿದ್ದೆ, ಒಬ್ಬನೇ.