ನಂದಿಬಟ್ಟಲಿನ ನೀಲಿ ಕಣ್ಣುಗಳು

ದೇವರಿಗೆ ಹೂ ಕೊಯ್ಯಲು ಬಾಲ್ಕನಿಯ ನಂದಿಬಟ್ಟಲಿಗೆ ಕೈ ಹಾಕಿದೆ. ಎಲೆಗಳ ನಡುವಿನಿಂದ ಎರಡು ನೀಲಿ ಕಣ್ಣುಗಳು ನನ್ನನ್ನೇ ದಿಟ್ಟಿಸಿದವು. "ಹಾವು!" ಎಂದು ಕಿರುಚಿದೆ. ನಮ್ಮವರು ನೆಲ ಒರೆಸುವ ವೈಪರ್ ಎತ್ತಿಕೊಂಡು ಓಡಿಬಂದರು. ಅದನ್ನು ನೋಡಿ ಇನ್ನಷ್ಟು ಹೆದರಿದೆ.

"ಹೊಡೀಬೇಡಿ ಮಾರಾಯ್ರೆ! ನಾಗ ಆದ್ರೆ ದೋಷ ಕಳೀಲಿಕ್ಕೆ ಇಲ್ಲಿ ಯಾರನ್ನು ಹುಡುಕುದು?"

ಅವರ ಎತ್ತಿದ ಕೈ ಅಲ್ಲೇ ನಿಂತಿತು. ಸೌದಿಯ ಅಲ್ ಖೋಬರಿನ ನಾಲ್ಕನೇ ಮಹಡಿಗೆ ನಾಗ ಹೇಗೆ ಬರುತ್ತದೆ ಎಂದು ಆಗ ಇಬ್ಬರೂ ಯೋಚಿಸಲಿಲ್ಲ. ಮೆಲ್ಲಗೆ ಬಗ್ಗಿ ನೋಡಿದವರು ನಕ್ಕುಬಿಟ್ಟರು. ಬೆರಳು ಗಾತ್ರದ ಹಸಿರು ಹುಳ. ಕಣ್ಣುಗಳೆಂದರೆ ಮೈಮೇಲಿನ ಬರೀ ಚುಕ್ಕೆಗಳು. ನನಗೆ ಹೋದ ಜೀವ ಬಂತು. ಅದು ಕಣಗಿಲೆ ಪತಂಗದ ಮರಿಹುಳವಂತೆ, ರೆಕ್ಕೆ ಬಂದಮೇಲೆ ಯುರೋಪಿನವರೆಗೂ ಹಾರುತ್ತದಂತೆ. ಮೊಬೈಲ್ ನೋಡಿ ಅವರೇ ಹೇಳಿದರು.

ಇಲ್ಲಿಯ ಬಿಸಿಲಲ್ಲಿ ಜೋಪಾನ ಮಾಡಿ ಬದುಕಿಸಿದ ಗಿಡವನ್ನು ಅದು ಬೋಳು ಮಾಡಿತು. ಬೈದೆ, ಓಡಿಸಲಿಲ್ಲ. ಒಂದು ದಿನ ಕಂದು ಬಣ್ಣಕ್ಕೆ ತಿರುಗಿ ಕುಂಡದ ಒಣ ಎಲೆಗಳಡಿ ಸೇರಿತು. ಗುಡಿಸದೆ ಬಿಟ್ಟೆ. ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ, ಬೋಳು ಕೊಂಬೆಯ ಮೇಲೆ ಹಸಿರು-ಗುಲಾಬಿ ಪತಂಗ ಕೂತಿತ್ತು. ಪಕ್ಕದಲ್ಲೇ ಹೊಸ ಚಿಗುರು!

ಪತಂಗ ಅಂದು ಸಂಜೆ ಹಾರಿಹೋಯಿತು. ಗಿಡ ಮತ್ತೆ ಹೂ ಬಿಡುತ್ತಿದೆ. ಕೊಯ್ಯುವ ಮುಂಚೆ ಈಗಲೂ ಎಲೆ ಸರಿಸಿ ನೋಡುತ್ತೇನೆ. ಕಣ್ಣು ಕಾಣದಿದ್ದರೆ ಯಾಕೋ ಬೇಸರ.