ಅಳುವ ಮಕ್ಕಳ ಫೋಟೊ ಬೇಕಂತೆ

“ಇವರೆಲ್ಲ ನಗ್ತಾ ಇದ್ದಾರಲ್ಲ ಫಾದರ್! ಅಳುವ ಮಕ್ಕಳ ಫೋಟೊ ಇಲ್ವಾ? ಇದನ್ನು ನೋಡಿ ಯಾರೂ ಕೊಡ್ಲಿಕ್ಕಿಲ್ಲ ಮಾರಾಯ್ರೆ” ಎಂದರು ಪಕ್ಕದ ಫ್ಲ್ಯಾಟಿನವರು.

ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿರುವ ನನ್ನ ಮಗನ ಮನೆಗೆ ಊಟಕ್ಕೆ ಬಂದಿದ್ದ ಆ ಫಾದರ್ ನಮ್ಮೂರಿನವರೇ. ಆಫ್ರಿಕಾದ ಹಳ್ಳಿಯೊಂದರಲ್ಲಿ ಶಾಲೆ ನಡೆಸುತ್ತಾರೆ. ಶಾಲೆಯ ಮಾಡು ಗಾಳಿಗೆ ಹಾರಿಹೋಗಿತ್ತು; ಹೊಸ ಚಾವಣಿಗೆ ನೆರವು ಕೇಳುತ್ತ ಮಕ್ಕಳ ಫೋಟೊ ತೋರಿಸಿದ್ದರು. ಪಕ್ಕದವರ ಮಾತಿಗೆ ಫಾದರ್ ತಲೆ ತಗ್ಗಿಸಿದರು.

ನನಗೆ ಮೈಯೆಲ್ಲ ಉರಿಯಿತು. ಹತ್ತು ಜನರೆದುರು ಬಾಯಿಬಿಡದ ನಾನು ಬಡಿಸುವುದನ್ನು ನಿಲ್ಲಿಸಿ ಕೇಳಿದೆ: “ನಿಮ್ಮ ಗೋಡೆಯಲ್ಲಿ ನಿಮ್ಮ ಮಕ್ಕಳು ಅಳುವ ಫೋಟೊ ಒಂದಾದರೂ ಉಂಟಾ?”

ಮೊಮ್ಮಕ್ಕಳೇ, ನಾನು ಓದಿದ ಹಳ್ಳಿ ಶಾಲೆಯಲ್ಲಿ ಫೋಟೊ ತೆಗೆದ ದಿನ ನನ್ನಮ್ಮ ನೆರೆಮನೆಯಿಂದ ಒಳ್ಳೆಯ ಅಂಗಿ ಬೇಡಿ ತಂದು ನನಗೆ ತೊಡಿಸಿದ್ದರು. ಬಡವರ ಮಕ್ಕಳು ಚಂದ ಕಾಣಬಾರದೆನ್ನುವವರ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ.