ನಾಲ್ಕು ಸೆಕೆಂಡು ತಡ

ಮೂವತ್ತೆರಡು ವರ್ಷ ಲೇತ್ ಯಂತ್ರದ ಮುಂದೆ ನಿಂತು ಕಬ್ಬಿಣ ಕೊರೆದ ಮನುಷ್ಯನನ್ನು ಬೀದಿಯವರೆಲ್ಲ ಲೇತ್ ಮಾಮ ಎಂದೇ ಕರೆಯುತ್ತಿದ್ದರು. ಕೆಲಸ ಅನ್ನ ಕೊಟ್ಟಿತು, ಕಿವಿ ಕಿತ್ತುಕೊಂಡಿತು. ಹತ್ತಿರ ಕೂತು ನಿಧಾನವಾಗಿ ಮಾತಾಡಿದರೆ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದರು. ಹಾಗೆ ಕೂರುವಷ್ಟು ವ್ಯವಧಾನ ಯಾರಿಗಿದೆ ಹೇಳಿ? ಉಳಿದಿದ್ದು ಭಾನುವಾರ ಮಧ್ಯಾಹ್ನದ ಸಿನಿಮಾ ಒಂದೇ. ಟೀವಿ ಪಕ್ಕದ ಪುಟ್ಟ ಪ್ಲೇಯರಿಗೆ ಅವರ ತಮ್ಮ ಸಿನಿಮಾ ಹಾಕುತ್ತಿದ್ದ, ಲೇತ್ ಮಾಮನ ಹೆಂಡತಿ, ತಮ್ಮನ ಹೆಂಡತಿ, ಮನೆಮಂದಿಯೆಲ್ಲ ಕೂರುತ್ತಿದ್ದರು, ಪರದೆಯ ಅಡಿಯಲ್ಲಿ ಮಾತೆಲ್ಲ ಅಕ್ಷರವಾಗಿ ಬರುತ್ತಿತ್ತು. ಎಲ್ಲರೂ ನಕ್ಕಾಗ ಲೇತ್ ಮಾಮನೂ ನಗುತ್ತಿದ್ದರು. ಆ ಎರಡು ಗಂಟೆ ತಾನೂ ಈ ಮನೆಯವನೇ ಅನ್ನಿಸುತ್ತಿತ್ತು.

ಒಂದು ವಾರ ಪ್ಲೇಯರಿಗೆ ಹೊಸ ಅಪ್‌ಡೇಟ್ ಬಂತು, ಅಕ್ಷರಗಳು ನಾಲ್ಕು ಸೆಕೆಂಡು ತಡವಾಗಿ ಮೂಡತೊಡಗಿದವು. ಎಲ್ಲರೂ ನಕ್ಕು ಸುಮ್ಮನಾದ ಮೇಲೆ ಲೇತ್ ಮಾಮ ಒಬ್ಬರೇ ಹೋ ಎಂದು ನಗುವುದು! ತಮ್ಮನ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದದ್ದು ಕಂಡು ಅವರ ಮುಖ ಇಷ್ಟಾಯಿತು. ಮುಂದಿನ ವಾರದಿಂದ ಕೂರುವುದನ್ನೇ ಬಿಟ್ಟರು.

"ಕಂಪನಿಯವ್ರೇ ಕೆಡಿಸಿದಾರೆ ಅಣ್ಣ," ಎಂದ ತಮ್ಮ. "ಹಳೇ ಫರ್ಮ್‌ವೇರ್ ವಾಪಸ್ ಹಾಕಿದ್ರೆ ಸರಿಹೋಗತ್ತಂತೆ. ಅದೇ ಎಲ್ಲೂ ಸಿಗ್ತಿಲ್ಲ. ಹುಡುಕ್ತಾ ಇದೀನಿ."

ಫರ್ಮ್‌ವೇರ್ ಎಂದರೆ ಯಂತ್ರದೊಳಗೆ ಕೂತು ಅದನ್ನು ಆಡಿಸುವ ಸಾಫ್ಟ್‌ವೇರ್ ಎಂದು ಬಿಡಿಸಿ ಹೇಳಿದವನೂ ಅವನೇ. ಲೇತ್ ಮಾಮನಿಗೆ ತಕ್ಷಣ ಅರ್ಥವಾಯಿತು. ಹೊಸ ಅಳತೆಗೆ ಕೆಲಸ ಕೆಟ್ಟರೆ ಹಳೇ ಅಳತೆಗೆ ಬಂದು ನಿಲ್ಲಬೇಕು, ಅಷ್ಟೇ ತಾನೆ? ಪ್ರತಿ ಭಾನುವಾರ "ಸಿಕ್ಕಿತೇನೋ?" ಎಂದು ಕೇಳಿದರು, ಪ್ರತಿ ಭಾನುವಾರ ತಮ್ಮ ಇಲ್ಲವೆಂದು ತಲೆಯಾಡಿಸಿದ. ಪಾಪ, ನನಗಾಗಿ ಎಷ್ಟು ಒದ್ದಾಡ್ತಾನೆ ಎಂದುಕೊಂಡು ಅವರು ರೂಮಿಗೆ ಹೋಗಿ ಮಲಗುತ್ತಿದ್ದರು.

ಐದನೇ ವಾರ ತಾಳ್ಮೆ ಕೆಟ್ಟಿತು. ಪ್ಲೇಯರನ್ನು ಬಟ್ಟೆಚೀಲಕ್ಕೆ ಹಾಕಿ, ಇರಲಿ ಎಂದು ಡ್ರಾಯರಿನಲ್ಲಿದ್ದ ತಮ್ಮನ ಪೆನ್‌ಡ್ರೈವನ್ನೂ ಎತ್ತಿಕೊಂಡು ರಿಪೇರಿ ಅಂಗಡಿಗೆ ನಡೆದರು. ಅಂಗಡಿಯವಳು ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಹಾಕಿ ನೋಡಿ, ಅವರ ಕಡೆ ಮುಖ ತಿರುಗಿಸಿದಳು.

"ಮಾಮ, ಹಳೇ ಫರ್ಮ್‌ವೇರ್ ಇದರಲ್ಲೇ ಇದೆಯಲ್ಲ. ಯಾರೋ ಆಗಲೇ ಇಳಿಸಿಟ್ಟಿದಾರೆ."

ತಾರೀಖಿನ ಮೇಲೆ ಬೆರಳಿಟ್ಟು ತೋರಿಸಿದಳು. ಅಕ್ಷರ ತಡವಾದ ಮಾರನೆಯ ದಿನ.

ಲೇತ್ ಮಾಮ ಆ ತಾರೀಖನ್ನು ಮತ್ತೊಮ್ಮೆ ಓದಿದರು. ಐದು ವಾರ ಕಂಪನಿಯ ಮೇಲೆ ಹಲ್ಲು ಕಡಿದದ್ದೆಲ್ಲ ದಂಡ. ಎತ್ತಿ ಆಡಿಸಿದ ತಮ್ಮನೇ ಕಣ್ಣಿಗೆ ಮಣ್ಣೆರಚಿದ್ದ. ಅಂಗಡಿಯವಳು ಪೆನ್‌ಡ್ರೈವನ್ನು ಪ್ಲೇಯರಿಗೆ ಸಿಕ್ಕಿಸಿ, ಹಿಂದಿನ ಪುಟ್ಟ ತೂತಿನಲ್ಲಿ ಪಿನ್ನು ಒತ್ತಿ ಹಿಡಿದಳು. ಕೆಂಪು ದೀಪ ಮಿಣುಕಿ ಮಿಣುಕಿ ಹಸಿರಾಯಿತು. ಐದು ನಿಮಿಷದ ಕೆಲಸ.

ಮನೆಯಲ್ಲಿ ಎಲ್ಲರೂ ಪ್ಲೇಯರಿಗಾಗಿ ತಡಕಾಡುತ್ತಿದ್ದರು. ಲೇತ್ ಮಾಮ ವೈರು ಜೋಡಿಸಿ ಸಿನಿಮಾ ಹಚ್ಚಿದರು. ಅಕ್ಷರ ಸರಿಯಾಗಿ ಬಂತು. ಪೆನ್‌ಡ್ರೈವನ್ನು ತಮ್ಮನ ಅಂಗೈಯಲ್ಲಿಟ್ಟು ಕೇಳಿದರು, "ಯಾಕೋ?"

ತಮ್ಮ ತಡವರಿಸಿದ. "ನೀನು ಅಕ್ಷರಾನೆಲ್ಲ ಗಟ್ಟಿಯಾಗಿ ಓದ್ತೀಯ ಅಣ್ಣ. ಸಿನಿಮಾದವ್ರು ಬಾಯಿ ಬಿಡೋಕ್ ಮುಂಚೆ ನೀನು ಹೇಳ್ಬಿಟ್ಟಿರ್ತೀಯ. ಅಕ್ಷರ ತಡ ಆದ್ಮೇಲೆ ಅದು ತಪ್ತು."

ತಾನು ಓದುತ್ತಿದ್ದೇನೆಂದು ಲೇತ್ ಮಾಮನಿಗೆ ಗೊತ್ತೇ ಇರಲಿಲ್ಲ. ತನ್ನ ದನಿ ತನಗೆಲ್ಲಿ ಕೇಳಬೇಕು?

"ಒಂದ್ ಮಾತು ಹೇಳಿದ್ರೆ ಬಾಯಿ ಮುಚ್ಕೊಂಡು ಕೂರ್ತಿರ್ಲಿಲ್ವೇನೋ ನಾನು?" ಎಂದು ಪಕ್ಕದಲ್ಲಿದ್ದ ತನ್ನ ಹೆಂಡತಿಯ ಕಡೆ ತಿರುಗಿದರು. "ನಿಂಗೂ ಗೊತ್ತಿತ್ತಾ?"

"ನಾನೇ ಹೇಳಿದ್ದು ರೀ," ಎಂದಳು ಅವಳು. "ಸ್ವಲ್ಪ ದಿನ ಹಾಗೇ ಇರ್ಲಿ ಅಂತ."

ಅವಳ ತುಟಿ ಓದಲು ಅವರಿಗೆ ಯಾವತ್ತೂ ಕಷ್ಟವಾದದ್ದಿಲ್ಲ.

ಸಿನಿಮಾ ಓಡುತ್ತಲೇ ಇತ್ತು. ಅವರು ತಮ್ಮ ಕುರ್ಚಿಯಲ್ಲಿ ಕೂತು ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ತಮಾಷೆಯ ಮಾತೊಂದು ಬಂತು. ಹೆಂಡತಿ ಮೊಣಕೈ ಮುಟ್ಟಿ, ನಗಿ ಎಂಬಂತೆ ಅವರನ್ನು ನೋಡಿದಳು. ಅವರು ಕೈ ತೆಗೆಯಲಿಲ್ಲ.